ನೂರು ವರ್ಷದ ನೆರೆಯ ಲೆಕ್ಕ

ಮಹಾರಾಷ್ಟ್ರದ ಸಹ್ಯಾದ್ರಿಯಲ್ಲಿ ಮಳೆ ಜೋರಾದರೆ ಅದರ ಬಿಸಿ ಕೆಲವೇ ದಿನಗಳಲ್ಲಿ ರಾಯಚೂರು ಜಿಲ್ಲೆಯ ದೇವದುರ್ಗ ತಾಲ್ಲೂಕಿಗೆ ತಟ್ಟುತ್ತದೆ. ಆಲಮಟ್ಟಿ ತುಂಬಿ, ನಾರಾಯಣಪುರ ಜಲಾಶಯದ ಗೇಟುಗಳು ಮೇಲೆದ್ದವೆಂದರೆ ಕೃಷ್ಣೆಯ ದಂಡೆಯ ಹಳ್ಳಿಗಳಲ್ಲಿ ಎಚ್ಚರಿಕೆ ಸಾರುತ್ತಾರೆ. 2019ರ ಆಗಸ್ಟ್‌ನಲ್ಲಿ ಹೀಗೆ ಬಂದ ನೀರಿಗೆ ಹೂವಿನಹೆಡಗಿ ಸೇತುವೆ ಮುಳುಗಿ, ಹೊಳೆ ದಾಟಿ ಹೋಗುವ ದಾರಿ ಬಂದಾಗಿತ್ತು. ಅದಕ್ಕೂ 10 ವರ್ಷ ಹಿಂದೆ, 2009ರ ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಮೊದಲ ದಿನಗಳಲ್ಲಿ ಸುರಿದ ಮಳೆಯನ್ನಂತೂ ಈ ಸೀಮೆಯ ಯಾರೂ ಮರೆತಿಲ್ಲ. ಆಗ ತುಂಗಭದ್ರೆ ಮಂತ್ರಾಲಯದೊಳಕ್ಕೆ ನುಗ್ಗಿತ್ತು. ಕೆಳಗಿನ ಶ್ರೀಶೈಲ ಅಣೆಕಟ್ಟಿಗೆ, ಅದನ್ನು ಕಟ್ಟುವಾಗ ಲೆಕ್ಕ ಹಾಕಿದ್ದ ಸುಮಾರು 19 ಲಕ್ಷ ಕ್ಯೂಸೆಕ್ಸ್‌ಗೆ ಬದಲಾಗಿ ಸುಮಾರು 25 ಲಕ್ಷ ಕ್ಯೂಸೆಕ್ಸ್ ನೀರು ಬಂದಿತ್ತು.

ದೇವದುರ್ಗ ತಾಲ್ಲೂಕಿನ ಜಾಲಹಳ್ಳಿಯಂಥ ಊರಿನ ಚಹಾದಂಗಡಿಯಲ್ಲಿ ಕುಳಿತು ಆ ದಿನಗಳ ಮಾತು ತೆಗೆದರೆ ಕೊನೆಗೆ ಯಾರಾದರೂ ಹೀಗೆ ಹೇಳುವುದುಂಟು: "ಅಂಥಾದ್ದು ನೂರು ವರ್ಷಕ್ಕ ಒಮ್ಮೆ ಬರೋದಂತ್ರೀ. ಅದು ಬಂದು ಹೋತಲ್ಲ, ಇನ್ನ ನಮ್ಮ ಕಾಲಕ್ಕ ಬರಂಗಿಲ್ಲ ಬಿಡ್ರಿ."

ಕೇಳಿದವರಿಗೆ ಸಮಾಧಾನ ಕೊಡುವ ಮಾತು. ಆದರೆ ಲೆಕ್ಕಕ್ಕೆ ನಿಲ್ಲದ ಮಾತು. ಏಕೆ ನಿಲ್ಲದು ಎಂಬುದನ್ನು ಇದೇ ಊರುಗಳಿಂದ ರಾಯಚೂರಿಗೋ ಕಲಬುರಗಿಗೋ ಇಂಜಿನಿಯರಿಂಗ್ ಓದಲು ಹೋಗುವ ಹುಡುಗ ಹುಡುಗಿಯರು ಸಾಮಾನ್ಯವಾಗಿ ಎರಡನೆಯ ವರ್ಷದ ಗಣಿತದಲ್ಲಿ ಓದುತ್ತಾರೆ. ಪಾಠದ ಹೆಸರು ಪ್ರಾಬಬಿಲಿಟಿ ಅಂಡ್ ಸ್ಟ್ಯಾಟಿಸ್ಟಿಕ್ಸ್. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರು ಇದನ್ನೇ ಸಂಭವನೀಯತೆ ಮತ್ತು ಸಂಖ್ಯಾಶಾಸ್ತ್ರ ಎಂದು ಕಲಿತಿರುತ್ತಾರೆ. ಕಾಲೇಜಿಗೆ ಬಂದಾಗ ಹೆಸರು ಬದಲಾಗುತ್ತದೆ, ಸೂತ್ರಗಳು ಹೆಚ್ಚುತ್ತವೆ, ಪರೀಕ್ಷೆಗೆ ಯಾವ ಲೆಕ್ಕ ಬರುತ್ತದೆ ಎಂಬುದೇ ಮುಖ್ಯವಾಗಿಬಿಡುತ್ತದೆ. ಊರಿನ ಚಹಾದಂಗಡಿಯ ಮಾತಿಗೂ ಪುಸ್ತಕದ ಲೆಕ್ಕಕ್ಕೂ ಇರುವ ಸಂಬಂಧ ಬಹುಮಟ್ಟಿಗೆ ಕಣ್ಣಿಗೆ ಬೀಳದೆ ಉಳಿಯುತ್ತದೆ.

ಮಡಕೆಯೊಳಗಿನ ಕೆಂಪು ಗೋಲಿ

"ನೂರು ವರ್ಷದ ನೆರೆ" ಎಂಬುದು ಇಂಜಿನಿಯರುಗಳ ಮಾತು. ಅಷ್ಟು ದೊಡ್ಡ ನೆರೆ ಯಾವುದೇ ಒಂದು ವರ್ಷದಲ್ಲಿ ಬರುವ ಸಂಭವ ನೂರರಲ್ಲಿ ಒಂದು ಎನ್ನುವುದಷ್ಟೇ ಅದರ ಅರ್ಥ. ಒಂದು ಬಂದ ಮೇಲೆ ಇನ್ನೊಂದಕ್ಕೆ ನೂರು ವರ್ಷ ಬಿಡುವು ಇದೆ ಎಂದಲ್ಲ.

ಒಂದು ಮಡಕೆಯಲ್ಲಿ 99 ಬಿಳಿ ಗೋಲಿ, ಒಂದು ಕೆಂಪು ಗೋಲಿ ಇದೆ ಎಂದುಕೊಳ್ಳೋಣ. ವರ್ಷಕ್ಕೊಮ್ಮೆ ಕಣ್ಣು ಮುಚ್ಚಿ ಒಂದು ಗೋಲಿ ತೆಗೆಯಬೇಕು, ನೋಡಿ ಮತ್ತೆ ಒಳಗೆ ಹಾಕಬೇಕು. ಕೆಂಪು ಬಂದರೆ ಆ ವರ್ಷ ದೊಡ್ಡ ನೆರೆ. ಈ ವರ್ಷ ಕೆಂಪು ಬಂತೆಂದು ಮುಂದಿನ ವರ್ಷ ಮಡಕೆಯಲ್ಲಿ ಕೆಂಪು ಗೋಲಿ ಇಲ್ಲದೆ ಹೋಗುವುದಿಲ್ಲ. ಅದನ್ನು ಮತ್ತೆ ಒಳಗೇ ಹಾಕಿದ್ದೇವೆ.

ಈಗ ಒಬ್ಬ ರೈತ ಹೊಳೆದಂಡೆಯಲ್ಲಿ ಮನೆ ಕಟ್ಟಿ 30 ವರ್ಷ ಬಾಳುತ್ತಾನೆ ಎನ್ನೋಣ. ಅಷ್ಟರೊಳಗೆ ಒಮ್ಮೆಯಾದರೂ ಅಂಥ ನೆರೆ ಕಾಣುವ ಸಂಭವವೆಷ್ಟು? ಇಲ್ಲಿ ಜಾಣತನವೆಂದರೆ ತಿರುಗಿಸಿ ಲೆಕ್ಕ ಮಾಡುವುದು. ಒಂದು ವರ್ಷ ನೆರೆ ಬಾರದಿರುವ ಸಂಭವ 0.99. ಮೂವತ್ತು ವರ್ಷವೂ ಬಾರದಿರಬೇಕಾದರೆ 0.99ನ್ನು ಮೂವತ್ತು ಸಲ ಗುಣಿಸಬೇಕು. ಸುಮಾರು 0.74 ಸಿಗುತ್ತದೆ. ಹಾಗಾದರೆ ಒಮ್ಮೆಯಾದರೂ ಬರುವ ಸಂಭವ 0.26, ಎಂದರೆ ನಾಲ್ಕರಲ್ಲಿ ಒಂದಕ್ಕಿಂತ ತುಸು ಹೆಚ್ಚು. ಐವತ್ತು ವರ್ಷಕ್ಕೆ ಇದು ಸುಮಾರು ಶೇ 39. ಪೂರ್ತಿ ನೂರು ವರ್ಷಕ್ಕೆ ಶೇ 63. ನೂರು ವರ್ಷ ಕಾದರೂ ನೂರು ವರ್ಷದ ನೆರೆ ಬಾರದೆ ಇರುವ ಸಂಭವ ಶೇ 37ರಷ್ಟಿದೆ. ಹಾಗೆಯೇ ಹತ್ತು ವರ್ಷದೊಳಗೆ ಎರಡು ಸಲ ಬಂದರೂ ಲೆಕ್ಕ ತಪ್ಪಿತೆಂದು ಹೇಳಲಾಗದು.

ಇದೇ ತಪ್ಪು ಇನ್ನೊಂದು ವೇಷದಲ್ಲಿ ಓಸಿ, ಮಟ್ಕಾದ ಚೀಟಿಗಳಲ್ಲಿ ಕಾಣಿಸುತ್ತದೆ. "ಈ ಅಂಕಿ ತಿಂಗಳಿಂದ ಬಂದಿಲ್ಲ, ಇವತ್ತು ಬರಲೇಬೇಕು" ಎಂದು ದುಡ್ಡು ಕಟ್ಟುವವನೂ, "ನೆರೆ ಬಂದು ಹೋಯಿತು, ಇನ್ನು ಬಾರದು" ಎಂದು ದಂಡೆಯಲ್ಲೇ ಮನೆ ಎಬ್ಬಿಸುವವನೂ ಒಂದೇ ಲೆಕ್ಕದಲ್ಲಿ ಎಡವುತ್ತಾರೆ. ಅಂಕಿಗಾಗಲಿ ಹೊಳೆಗಾಗಲಿ ಹಿಂದಿನದು ನೆನಪಿರುವುದಿಲ್ಲ. ಸೊನ್ನೆಯಿಂದ ಒಂಬತ್ತರವರೆಗಿನ ಹತ್ತು ಅಂಕಿಗಳಲ್ಲಿ ಒಂದಕ್ಕೆ ಒಂದು ರೂಪಾಯಿ ಕಟ್ಟಿ, ಗೆದ್ದರೆ ಒಂಬತ್ತು ರೂಪಾಯಿ ಸಿಗುತ್ತದೆ ಎಂದಿಟ್ಟುಕೊಂಡರೆ, ಗೆಲ್ಲುವ ಸಂಭವ ಹತ್ತರಲ್ಲಿ ಒಂದು. ಒಂಬತ್ತನ್ನು ಹತ್ತರಿಂದ ಭಾಗಿಸಿದರೆ 90 ಪೈಸೆ. ಕಟ್ಟಿದ ಪ್ರತಿ ರೂಪಾಯಿಗೂ ಸರಾಸರಿ ಹತ್ತು ಪೈಸೆ ಕಳೆಯುವುದು ಆಟದೊಳಗೇ ಬರೆದಿಟ್ಟ ಸಂಗತಿ. ಪುಸ್ತಕದಲ್ಲಿ ಇದಕ್ಕೆ 'ನಿರೀಕ್ಷಿತ ಮೌಲ್ಯ' ಎಂದು ಹೆಸರು.

ಪಗಡೆಯಿಂದ ಹುಟ್ಟಿದ ಶಾಸ್ತ್ರ

ಜೂಜಿನ ಮಾತು ಇಲ್ಲಿ ಬಂದದ್ದು ಆಕಸ್ಮಿಕವಲ್ಲ. ಯುರೋಪಿನಲ್ಲಿ ಸಂಭವನೀಯತೆಯ ಶಾಸ್ತ್ರ ಹುಟ್ಟಿದ್ದೇ ದಾಳದಿಂದ. ಅರ್ಧಕ್ಕೆ ನಿಂತ ಆಟದ ಪಣವನ್ನು ಇಬ್ಬರು ಆಟಗಾರರು ಹೇಗೆ ಹಂಚಿಕೊಳ್ಳಬೇಕು ಎಂಬ ಪ್ರಶ್ನೆಯ ಮೇಲೆ ಫ್ರಾನ್ಸಿನ ಪಾಸ್ಕಲ್ ಮತ್ತು ಫರ್ಮಾ 1654ರಲ್ಲಿ ಪತ್ರ ಬರೆದುಕೊಂಡರು. ಸ್ವಿಟ್ಜರ್ಲೆಂಡಿನ ಜೇಕಬ್ ಬರ್ನೌಲಿಯ ಗ್ರಂಥ ಅವನು ತೀರಿಕೊಂಡ ಎಂಟು ವರ್ಷದ ಮೇಲೆ, 1713ರಲ್ಲಿ ಪ್ರಕಟವಾಯಿತು. ಪ್ರಯೋಗ ಹೆಚ್ಚಿದಷ್ಟೂ ಕಂಡ ಪ್ರಮಾಣ ನಿಜವಾದ ಸಂಭವಕ್ಕೆ ಹತ್ತಿರವಾಗುತ್ತದೆ ಎಂಬುದನ್ನು ಅವನು ಸಾಧಿಸಿ ತೋರಿಸಿದ. ಒಂದು ದಾಳ ಯಾವಾಗ ಹೇಗೆ ಬೀಳುತ್ತದೆಂದು ಹೇಳಲಾಗದು, ಸಾವಿರ ದಾಳಗಳ ಬಗ್ಗೆ ಧೈರ್ಯವಾಗಿ ಹೇಳಬಹುದು ಎಂಬುದೇ ಆ ಮಾತಿನ ಸಾರ.

ನಮ್ಮಲ್ಲಿಯೂ ಇದರ ಸುಳಿವು ಇಲ್ಲದೆ ಇರಲಿಲ್ಲ. ಕನಕದಾಸರು ಕನ್ನಡಕ್ಕೆ ತಂದ ನಳನ ಕಥೆಯ ಮೂಲ ಮಹಾಭಾರತದ ವನಪರ್ವದಲ್ಲಿದೆ. ಪಗಡೆಯಲ್ಲಿ ರಾಜ್ಯ ಕಳೆದುಕೊಂಡ ನಳ, ಋತುಪರ್ಣ ರಾಜನ ಸಾರಥಿಯಾಗಿ ರಥ ಓಡಿಸುತ್ತಿರುವಾಗ ದಾರಿಯಲ್ಲೊಂದು ತಾರೆ ಮರ ಕಾಣುತ್ತದೆ. ಋತುಪರ್ಣ ಅದರ ಎಲೆ, ಕಾಯಿಗಳ ಸಂಖ್ಯೆಯನ್ನು ನೋಡಿದೊಡನೆ ಹೇಳುತ್ತಾನೆ. ನಳ ರಥ ನಿಲ್ಲಿಸಿ ಎಣಿಸಿದರೆ ಲೆಕ್ಕ ಸರಿಯಾಗಿರುತ್ತದೆ. ದಾಳದ ಮರ್ಮ ತಿಳಿದವನಿಗೆ ಎಣಿಕೆಯ ಮರ್ಮವೂ ತಿಳಿದಿದೆ ಎಂಬುದು ರಾಜನ ಉತ್ತರ. ಹಳೆಯ ಕಾಲದಲ್ಲಿ ದಾಳವಾಗಿ ಉರುಳುತ್ತಿದ್ದುದೂ ಇದೇ ತಾರೆ ಕಾಯಿ. ಮರವನ್ನು ಪೂರ್ತಿ ಎಣಿಸದೆ ಅಂದಾಜು ಮಾಡುವ ವಿದ್ಯೆಯನ್ನೂ ಜೂಜಿನ ವಿದ್ಯೆಯನ್ನೂ ಕಥೆಗಾರ ಒಟ್ಟಿಗೆ ಇಟ್ಟದ್ದು ಕುತೂಹಲದ ಸಂಗತಿ.

ಮಹಾವೀರನ ಸೂತ್ರ, ಶಕ್ತಿನಗರದ ಲೆಕ್ಕ

ಕಥೆಯಿಂದ ಶಾಸ್ತ್ರಕ್ಕೆ ಬಂದರೆ ರಾಯಚೂರಿನ ವಿದ್ಯಾರ್ಥಿಗೆ ಇನ್ನೂ ಹತ್ತಿರದ ನಂಟೊಂದು ಸಿಗುತ್ತದೆ. ಯಾದಗಿರಿ ಜಿಲ್ಲೆ ದಾಟಿದರೆ ಕಲಬುರಗಿ ಜಿಲ್ಲೆಯ ಮಳಖೇಡ. ಒಂಬತ್ತನೆಯ ಶತಮಾನದಲ್ಲಿ ಇದು ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ. ಅಲ್ಲಿ ಆಳುತ್ತಿದ್ದ ಅಮೋಘವರ್ಷ ನೃಪತುಂಗನನ್ನು ತನ್ನ ಗ್ರಂಥದ ಆರಂಭದಲ್ಲಿ ಹೊಗಳಿದ ಜೈನ ಗಣಿತಜ್ಞ ಮಹಾವೀರಾಚಾರ್ಯ. ಸುಮಾರು ಕ್ರಿ.ಶ. 850ರಲ್ಲಿ ಸಂಸ್ಕೃತದಲ್ಲಿ ರಚಿತವಾದ ಅವನ 'ಗಣಿತಸಾರಸಂಗ್ರಹ'ವನ್ನು ಎಂ. ರಂಗಾಚಾರ್ಯರು ಇಂಗ್ಲಿಷ್ ಅನುವಾದದೊಡನೆ 1912ರಲ್ಲಿ ಮದರಾಸಿನಿಂದ ಹೊರತಂದರು.

ಹಲವು ವಸ್ತುಗಳಿಂದ ಕೆಲವನ್ನು ಎಷ್ಟು ಬಗೆಯಲ್ಲಿ ಆರಿಸಬಹುದು ಎಂಬ ಪ್ರಶ್ನೆಗೆ ಈ ಗ್ರಂಥದಲ್ಲಿ ಸಾಮಾನ್ಯ ಸೂತ್ರವಿದೆ. ಸಿಹಿ, ಹುಳಿ, ಉಪ್ಪು, ಕಾರ, ಕಹಿ, ಒಗರು ಎಂಬ ಆರು ರಸಗಳನ್ನು ಎಷ್ಟು ಬಗೆಯಲ್ಲಿ ಬೆರೆಸಬಹುದು ಎಂಬುದು ಅಲ್ಲಿನ ಒಂದು ಲೆಕ್ಕ. ವಿಧಾನ ಸರಳ: ಇರುವ ವಸ್ತುಗಳ ಸಂಖ್ಯೆಯಿಂದ ಇಳಿಯುತ್ತ ಮೇಲಿನ ಸಾಲು, ಒಂದರಿಂದ ಏರುತ್ತ ಕೆಳಗಿನ ಸಾಲು ಬರೆಯಬೇಕು. ಬೇಕಾದಷ್ಟು ಸಂಖ್ಯೆಗಳನ್ನು ಗುಣಿಸಿ, ಮೇಲಿನದನ್ನು ಕೆಳಗಿನದರಿಂದ ಭಾಗಿಸಬೇಕು. ಆರು ರಸಗಳಲ್ಲಿ ಎರಡನ್ನು ಆರಿಸಲು ಆರು ಗುಣಿಸು ಐದು, ಭಾಗಿಸು ಒಂದು ಗುಣಿಸು ಎರಡು: 15 ಬಗೆ. ಒಂದರಿಂದ ಆರರವರೆಗೆ ಎಲ್ಲ ಬೆರಕೆಗಳನ್ನು ಕೂಡಿಸಿದರೆ 63. ಕನ್ನಡದಲ್ಲಿ ವಿಕಲ್ಪ ಎಂದೂ ಕಾಲೇಜಿನಲ್ಲಿ ಕಾಂಬಿನೇಷನ್ ಎಂದೂ ಕರೆಯುವ ಲೆಕ್ಕ ಇದೇ.

ಇದರಿಂದ ಇಂಜಿನಿಯರಿಗೇನು ಉಪಯೋಗ? ರಾಯಚೂರಿನ ಪಕ್ಕದ ಶಕ್ತಿನಗರವನ್ನೇ ನೋಡಬಹುದು. ಅಲ್ಲಿನ ಶಾಖೋತ್ಪನ್ನ ಕೇಂದ್ರದಲ್ಲಿ ತಲಾ 210 ಮೆಗಾವಾಟ್‌ನ ಏಳು ಮತ್ತು 250 ಮೆಗಾವಾಟ್‌ನ ಒಂದು, ಹೀಗೆ ಒಟ್ಟು ಎಂಟು ಘಟಕಗಳನ್ನು ಕಟ್ಟಲಾಯಿತು. ಯಾವುದೇ ದಿನ ಒಂದು ಘಟಕ ಚಾಲೂ ಇರುವ ಸಂಭವ ಶೇ 90 ಎಂದು ಉದಾಹರಣೆಗೆ ಇಟ್ಟುಕೊಳ್ಳೋಣ. ಎಂಟೂ ಚಾಲೂ ಇರುವ ಸಂಭವ ಶೇ 90 ಅಲ್ಲ. 0.9ನ್ನು ಎಂಟು ಸಲ ಗುಣಿಸಿದರೆ ಬರುವುದು 0.43. ಎಂದರೆ ಅರ್ಧಕ್ಕಿಂತ ಹೆಚ್ಚು ದಿನ ಒಂದಾದರೂ ನಿಂತಿರುತ್ತದೆ.

ಸರಿಯಾಗಿ ಆರು ಘಟಕ ನಡೆದು ಎರಡು ನಿಲ್ಲುವ ಸಂಭವ ಬೇಕಾದರೆ, ಎಂಟರಲ್ಲಿ ನಿಲ್ಲುವ ಆ ಎರಡನ್ನು ಎಷ್ಟು ಬಗೆಯಲ್ಲಿ ಆರಿಸಬಹುದೆಂದು ಮೊದಲು ತಿಳಿಯಬೇಕು. ಮಹಾವೀರನ ವಿಧಾನ ಹಿಡಿದರೆ ಎಂಟು ಗುಣಿಸು ಏಳು, ಭಾಗಿಸು ಒಂದು ಗುಣಿಸು ಎರಡು: 28. ಈ ರೀತಿ ಆರು, ಏಳು, ಎಂಟು ಘಟಕಗಳ ಲೆಕ್ಕ ಕೂಡಿಸಿದರೆ, ಕನಿಷ್ಠ ಆರು ಚಾಲೂ ಇರುವ ಸಂಭವ ಶೇ 96 ಎಂದು ಸಿಗುತ್ತದೆ. ಪುಸ್ತಕದ ಬೈನಾಮಿಯಲ್ ವಿತರಣೆ ಎಂದರೆ ಇಷ್ಟೇ.

ಆದರೆ ಇಲ್ಲೊಂದು ಷರತ್ತಿದೆ. ಪರೀಕ್ಷೆಯಲ್ಲಿ "ಪರಸ್ಪರ ಸ್ವತಂತ್ರ" ಎಂದು ಒಂದೇ ಮಾತಿನಲ್ಲಿ ಹೇಳಿ ಮುಗಿಸುವ ಷರತ್ತು ಅದು. ಒಂದು ಘಟಕ ನಿಲ್ಲುವುದಕ್ಕೂ ಇನ್ನೊಂದು ನಿಲ್ಲುವುದಕ್ಕೂ ಸಂಬಂಧವಿಲ್ಲದಿದ್ದರೆ ಮಾತ್ರ ಹೀಗೆ ಗುಣಿಸಬಹುದು. ಎಂಟೂ ಘಟಕಗಳಿಗೆ ನೀರು ಒಂದೇ ಕೃಷ್ಣೆಯದು, ಕಲ್ಲಿದ್ದಲು ಬರುವುದು ರೈಲಿನಲ್ಲಿ. ಬೇಸಿಗೆಯಲ್ಲಿ ಹೊಳೆ ಬತ್ತಿದರೆ, ಇಲ್ಲವೇ ಕಲ್ಲಿದ್ದಲು ಬರುವುದು ತಡವಾದರೆ ಒಂದಲ್ಲ, ಹಲವು ಘಟಕಗಳು ಒಟ್ಟಿಗೇ ನಿಲ್ಲುತ್ತವೆ. ಆಗ ಶೇ 96 ಎಂಬ ಭರವಸೆ ಉಳಿಯುವುದಿಲ್ಲ. ಗುಣಾಕಾರ ತಪ್ಪಿದ್ದಕ್ಕಲ್ಲ, ಷರತ್ತು ನೋಡದೆ ಗುಣಿಸಿದ್ದಕ್ಕೆ.

ಒಂದಗುಳು ಸಾಕೇ?

ಸಂಭವನೀಯತೆಗೂ ಸಂಖ್ಯಾಶಾಸ್ತ್ರಕ್ಕೂ ಇರುವ ವ್ಯತ್ಯಾಸವನ್ನು ಅಡುಗೆಮನೆಯಲ್ಲಿ ನೋಡಬಹುದು. ಮಡಕೆಯಲ್ಲಿ ಏನಿದೆ ಎಂದು ಗೊತ್ತಿದ್ದು, ಕೈಗೆ ಏನು ಬಂದೀತು ಎಂದು ಕೇಳುವುದು ಸಂಭವನೀಯತೆ. ಕೈಗೆ ಬಂದದ್ದನ್ನು ನೋಡಿ ಮಡಕೆಯಲ್ಲಿ ಏನಿರಬಹುದು ಎಂದು ಊಹಿಸುವುದು ಸಂಖ್ಯಾಶಾಸ್ತ್ರ. ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದಗುಳು ಹಿಸುಕಿ ನೋಡುವ ಗೃಹಿಣಿ ಮಾಡುವುದು ಇದನ್ನೇ. ಅವಳ ಲೆಕ್ಕ ಸರಿ ಬರುವುದಕ್ಕೆ ಕಾರಣ, ಅದಕ್ಕೆ ಮೊದಲು ಸೌಟಿನಿಂದ ಅನ್ನವನ್ನು ಚೆನ್ನಾಗಿ ತಿರುವಿರುತ್ತಾಳೆ. ತಿರುವದೆ ಮೇಲಿನ ಅಗುಳನ್ನಷ್ಟೇ ನೋಡಿದರೆ ತಳ ಸೀದದ್ದು ತಿಳಿಯುವುದಿಲ್ಲ. ಮಾರುಕಟ್ಟೆಯಲ್ಲಿ ಚೀಲದ ಬಾಯಲ್ಲಿರುವ ಶೇಂಗಾ ನೋಡಿ ಬೆಲೆ ಕಟ್ಟಿದವನಿಗೂ ಈ ಪಾಠ ಗೊತ್ತಿರುತ್ತದೆ.

ಹೀಗೆ ಸಿಕ್ಕಿದ ಅಂಕಿಗಳಿಂದ ಮೊದಲು ತೆಗೆಯುವುದು ಸರಾಸರಿ. ಆದರೆ ಸರಾಸರಿಯೊಂದನ್ನೇ ನಂಬಿದವರು ಕೆಡುತ್ತಾರೆ. ಒಂದು ಊರಿನಲ್ಲಿ ಮೂರು ವರ್ಷದ ಮಳೆ 58, 60, 62 ಸೆಂಟಿಮೀಟರ್. ಇನ್ನೊಂದರಲ್ಲಿ 30, 60, 90. ಎರಡರ ಸರಾಸರಿಯೂ 60. ಮೊದಲ ಊರಿನ ರೈತ ನೆಮ್ಮದಿಯಾಗಿ ಬಿತ್ತುತ್ತಾನೆ. ಎರಡನೆಯ ಊರಿನವನು ಒಂದು ವರ್ಷ ಬರದಲ್ಲಿ ಗುಳೆ ಹೋಗಿ, ಇನ್ನೊಂದು ವರ್ಷ ಹೊಲದಲ್ಲಿ ನೀರು ನಿಂತು ಬೆಳೆ ಕಳೆದುಕೊಳ್ಳುತ್ತಾನೆ. ಈ ಏರಿಳಿತವನ್ನು ಅಳೆಯುವುದೇ ಮಾನಕ ವಿಚಲನೆ, ಕಾಲೇಜಿನ ಭಾಷೆಯಲ್ಲಿ ಸ್ಟ್ಯಾಂಡರ್ಡ್ ಡೀವಿಯೇಷನ್. ಮೊದಲ ಊರಿಗೆ ಅದು 1.6, ಎರಡನೆಯದಕ್ಕೆ 24.5. ಬರದ ಸೀಮೆಯ ಕಷ್ಟ ಇರುವುದು ಸರಾಸರಿಯಲ್ಲಿ ಮಾತ್ರವಲ್ಲ, ಈ ಎರಡನೆಯ ಅಂಕಿಯಲ್ಲೂ.

ಸಿವಿಲ್ ಇಂಜಿನಿಯರಿಗೆ ಇದು ದಿನದ ಕೆಲಸ. ಕಾಲುವೆಯ ಕಟ್ಟಡಕ್ಕೋ ಶಾಲೆಯ ಛಾವಣಿಗೋ ಎಂ 25 ಕಾಂಕ್ರೀಟು ಹಾಕಬೇಕೆಂದಿದ್ದರೆ, 15 ಸೆಂಟಿಮೀಟರಿನ ಘನಗಳನ್ನು ಮಾಡಿ, 28 ದಿನ ನೀರಿನಲ್ಲಿಟ್ಟು, ಯಂತ್ರದಲ್ಲಿ ಒಡೆದು ನೋಡುತ್ತಾರೆ. ಒಂದೊಂದು ಘನದ ಬಲ ಒಂದೊಂದು ತೆರ. ಭಾರತೀಯ ಮಾನಕ 456ರ 2000ದ ಆವೃತ್ತಿಯ ಪ್ರಕಾರ, ಹೇಳಿದ ಬಲಕ್ಕಿಂತ ಕಡಿಮೆ ಬರುವ ಫಲಿತಾಂಶಗಳು ಶೇ 5ಕ್ಕಿಂತ ಹೆಚ್ಚಿರಬಾರದು. ಸರಾಸರಿ ಬಲವನ್ನು ಸರಿಯಾಗಿ 25ಕ್ಕೆ ಇಟ್ಟರೆ ಸುಮಾರು ಅರ್ಧದಷ್ಟು ಘನಗಳು 25ಕ್ಕಿಂತ ಕೆಳಗೆ ಬೀಳುತ್ತವೆ. ಆದ್ದರಿಂದ ವಿಚಲನೆ 4 ಎಂದಿದ್ದರೆ ಅದನ್ನು 1.65ರಿಂದ ಗುಣಿಸಿ 25ಕ್ಕೆ ಕೂಡಿಸಿ, ಸರಾಸರಿ 31.6 ಬರುವಂತೆ ಮಿಶ್ರಣ ಮಾಡಬೇಕು. ಆ 1.65 ಬಂದದ್ದು ಗಂಟೆಯಾಕಾರದ ನಾರ್ಮಲ್ ವಕ್ರರೇಖೆಯಿಂದ. ಪುಸ್ತಕದ ಕೊನೆಯ ಕೋಷ್ಟಕದಲ್ಲಿ ವಿದ್ಯಾರ್ಥಿ ಬೆರಳಿಟ್ಟು ಹುಡುಕುವ ಅಂಕಿ ಅದು. ಕೆಲಸ ಅಚ್ಚುಕಟ್ಟಾಗಿದ್ದರೆ ವಿಚಲನೆ ಕಡಿಮೆ, ಸಿಮೆಂಟೂ ಕಡಿಮೆ ಸಾಕು. ನೀರು, ಮರಳು ಬೇಕಾಬಿಟ್ಟಿ ಸುರಿದಲ್ಲಿ ವಿಚಲನೆ ಹೆಚ್ಚು. ಅಂಥ ಕಡೆ ಸರಾಸರಿ ಚೆನ್ನಾಗಿದ್ದರೂ ಛಾವಣಿಯ ಭರವಸೆ ಇಲ್ಲ.

ಹಡಗಲಿಯ ಮಗುವಿನ ಪ್ರಮೇಯ

ಈಗ ಮತ್ತೆ ಹೊಳೆಯ ಮಾತಿಗೆ ಬರಬಹುದು. ನೂರರಲ್ಲಿ ಒಂದು ಎಂಬ ಅಂಕಿಯನ್ನು ಇಂಜಿನಿಯರು ತಂದದ್ದಾದರೂ ಎಲ್ಲಿಂದ? ಮಡಕೆ ತೆರೆದು ಗೋಲಿ ಎಣಿಸಿದವರು ಯಾರೂ ಇಲ್ಲ. ಹಿಂದಿನ ಕೆಲವು ದಶಕಗಳಲ್ಲಿ ಪ್ರತಿ ವರ್ಷ ಬಂದ ಅತಿ ದೊಡ್ಡ ಪ್ರವಾಹದ ಅಳತೆಗಳನ್ನು ಇಟ್ಟುಕೊಂಡು, ಒಂದು ವಕ್ರರೇಖೆ ಹೊಂದಿಸಿ ಊಹಿಸುತ್ತಾರೆ. ನಲವತ್ತು ಐವತ್ತು ವರ್ಷದ ದಾಖಲೆಯಿಂದ ನೂರು ವರ್ಷದ ನೆರೆಯನ್ನು ಊಹಿಸುವಾಗ ತಪ್ಪು ಇದ್ದೇ ಇರುತ್ತದೆ. ಆ ತಪ್ಪನ್ನು ಎಷ್ಟರಮಟ್ಟಿಗೆ ಕಡಿಮೆ ಮಾಡಬಹುದು?

ಈ ಪ್ರಶ್ನೆಗೆ ಜಗತ್ತು ಒಪ್ಪಿದ ಉತ್ತರ ಕೊಟ್ಟವರು ಹೂವಿನಹಡಗಲಿಯಲ್ಲಿ ಹುಟ್ಟಿದ ಸಿ.ಆರ್. ರಾವ್. 1920ರ ಸೆಪ್ಟೆಂಬರ್ 10ರಂದು ತೆಲುಗು ಮನೆಮಾತಿನ ಕುಟುಂಬದಲ್ಲಿ ಜನಿಸಿದಾಗ ಆ ಊರು ಮದರಾಸು ಪ್ರಾಂತದ ಬಳ್ಳಾರಿ ಜಿಲ್ಲೆಯಲ್ಲಿತ್ತು. ಇಂದು ಅದು ವಿಜಯನಗರ ಜಿಲ್ಲೆಗೆ ಸೇರಿದೆ. ಆಂಧ್ರದ ಊರುಗಳಲ್ಲಿ ಓದಿ, ಕಲ್ಕತ್ತೆಗೆ ಕೆಲಸ ಹುಡುಕಿಕೊಂಡು ಹೋದ ಯುವಕ 1941ರಲ್ಲಿ ಮಹಾಲನೋಬಿಸರ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆ ಸೇರಿದರು.

ಮುಂದೆ ಕಲ್ಕತ್ತಾ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡುತ್ತಿದ್ದಾಗ, ಮಾದರಿಗಳು ಬಹಳ ದೊಡ್ಡವಾಗಿದ್ದರೆ ಊಹೆಯ ತಪ್ಪಿಗೊಂದು ಕನಿಷ್ಠ ಮಿತಿಯಿದೆ ಎಂಬ ಫಿಷರ್‌ರ ಫಲಿತಾಂಶವನ್ನು ರಾವ್ ವಿವರಿಸಿದರು. ತರಗತಿಯಲ್ಲಿದ್ದ ವಿ.ಎಂ. ದಾಂಡೇಕರ್ ಎಂಬ ವಿದ್ಯಾರ್ಥಿ, ಮಾದರಿ ಚಿಕ್ಕದಿದ್ದರೂ ಇದನ್ನು ಸಾಧಿಸಲಾಗದೇ ಎಂದು ಕೇಳಿದ. ರಾವ್ ಆ ರಾತ್ರಿ ಕುಳಿತು ಅದನ್ನು ಸಾಧಿಸಿದರು. 1945ರಲ್ಲಿ ಪ್ರಕಟವಾದ ಆ ಫಲಿತಾಂಶವನ್ನು ಸ್ವೀಡನ್ನಿನ ಕ್ರಾಮರ್ ಕೂಡ ಸ್ವತಂತ್ರವಾಗಿ ಕಂಡುಕೊಂಡಿದ್ದರಿಂದ ಅದು ಕ್ರಾಮರ್-ರಾವ್ ಮಿತಿ ಎಂದು ಹೆಸರಾಯಿತು. ಪ್ರಶ್ನೆ ಕೇಳಿದ ದಾಂಡೇಕರ್ ಮುಂದೆ ದೇಶದ ಹೆಸರಾಂತ ಅರ್ಥಶಾಸ್ತ್ರಜ್ಞರಾದರು. ರಾವ್ ಅವರಿಗೆ 2023ರಲ್ಲಿ ಅಂತರರಾಷ್ಟ್ರೀಯ ಸಂಖ್ಯಾಶಾಸ್ತ್ರ ಪ್ರಶಸ್ತಿ ಸಂದಿತು. ಅದೇ ವರ್ಷ ಆಗಸ್ಟ್ 22ರಂದು, 102ನೆಯ ವಯಸ್ಸಿನಲ್ಲಿ ಅವರು ಅಮೆರಿಕದಲ್ಲಿ ನಿಧನರಾದರು.

ಆ ಪ್ರಮೇಯದ ತಿರುಳನ್ನು ಸರಳವಾಗಿ ಹೀಗೆ ಹೇಳಬಹುದು: ಕೈಯಲ್ಲಿರುವ ಅಂಕಿಗಳಲ್ಲಿ ಎಷ್ಟು ಮಾಹಿತಿ ಇದೆಯೋ ಅದಕ್ಕಿಂತ ಹೆಚ್ಚಿನ ನಿಖರತೆಯನ್ನು ಪಕ್ಷಪಾತವಿಲ್ಲದ ಯಾವ ವಿಧಾನವೂ ಹಿಂಡಿ ತೆಗೆಯಲಾರದು. ಕಂಪ್ಯೂಟರ್ ಎಷ್ಟೇ ದೊಡ್ಡದಿರಲಿ, ಈ ಮಿತಿ ದಾಟದು. ನಿಖರತೆ ಬೇಕಿದ್ದರೆ ಅಳತೆ ಹೆಚ್ಚಬೇಕು. ಹೊಳೆದಂಡೆಯ ಮಾಪನ ಕೇಂದ್ರದಲ್ಲಿ, ತಾಲ್ಲೂಕಿನ ಮಳೆಮಾಪಕದಲ್ಲಿ ದಿನವೂ ಬರೆದಿಡುವ ಅಂಕಿಯ ಬೆಲೆ ಇದು. ಒಂದು ದಿನ ಬರೆಯದೆ ಬಿಟ್ಟರೆ ಮುಂದೆ ಯಾವ ಸೂತ್ರವೂ ಅದನ್ನು ತುಂಬಿಕೊಡುವುದಿಲ್ಲ. ಅಲ್ಲದೆ ಮಡಕೆಯೂ ಹಾಗೆಯೇ ಇರುವುದಿಲ್ಲ. ಭೂಮಿ ಬಿಸಿಯಾಗಿ ಮಳೆಯ ರೀತಿ ಬದಲಾದರೆ, ಮೇಲೆ ಹೊಸ ಅಣೆಕಟ್ಟುಗಳು ಬಂದರೆ, ಕೆಂಪು ಗೋಲಿಗಳ ಸಂಖ್ಯೆಯೇ ಬದಲಾಗಬಹುದು. ಹಳೆಯ ದಾಖಲೆಯಿಂದ ತೆಗೆದ ನೂರು ವರ್ಷದ ಅಂಕಿಯನ್ನು ಆಗಾಗ ಮತ್ತೆ ಲೆಕ್ಕ ಹಾಕುತ್ತಿರಬೇಕಾದ್ದು ಇದಕ್ಕಾಗಿ.

ಜಾಲಹಳ್ಳಿಯಂಥ ಊರಿನಿಂದ ಓದಲು ಹೋದ ವಿದ್ಯಾರ್ಥಿ ನಾಳೆ ನೀರಾವರಿ ಇಲಾಖೆಯಲ್ಲೋ ಪಂಚಾಯತ್ ರಾಜ್ ಇಂಜಿನಿಯರಿಂಗ್ ವಿಭಾಗದಲ್ಲೋ ಕುಳಿತು, ಸೇತುವೆ ಎಷ್ಟು ಎತ್ತರವಿರಬೇಕು, ನೆರೆ ಸಂತ್ರಸ್ತರ ಹೊಸ ಬಡಾವಣೆ ದಂಡೆಯಿಂದ ಎಷ್ಟು ದೂರವಿರಬೇಕು ಎಂದು ಬರೆಯುವವನಾಗಬಹುದು. ಪರೀಕ್ಷೆಗೆ ಬಾಯಿಪಾಠ ಮಾಡಿದ ಸೂತ್ರ ಅಷ್ಟು ಹೊತ್ತಿಗೆ ಮರೆತಿರುತ್ತದೆ. ಅರ್ಥ ಉಳಿದಿದ್ದರೆ, ಊರಿಗೆ ಬಂದಾಗ ಚಹಾದಂಗಡಿಯ ಹಿರಿಯರಿಗೆ ಅವರದೇ ಮಾತಿನಲ್ಲಿ ಹೇಳಬಲ್ಲ: "ಕಾಕಾ, ಬಂದು ಹೋಗೇತಿ ಅಂತ ಬಿಡಬ್ಯಾಡ್ರಿ. ಮೂವತ್ತು ವರ್ಷ ಅಲ್ಲೇ ಇದ್ರ ನಾಕರಾಗ ಒಂದು ಪಾಲು ಮತ್ತ ಬರ್ತೈತಿ. ಮನಿ ಒಂದೀಟು ಎತ್ತರದಾಗ ಕಟ್ಟಸ್ರಿ."